ಹತ್ತು ಸಾವಿರ ಟನ್ನಿನ ಲೆಕ್ಕ

ಅಮೆರಿಕದ ನೌಕಾಪಡೆಯ ಹಳೆಯ ಕಡತಗಳ ನಡುವೆ ‘ಸ್ಪ್ರಿಂಗ್ ಸ್ಟೈಲ್ಸ್’ ಎಂಬ ಆಲ್ಬಮ್ ಒಂದಿದೆ. ವಸಂತ ಬಂತೆಂದರೆ ಬಟ್ಟೆ ಅಂಗಡಿಯವರು ಅಚ್ಚು ಹಾಕಿಸುತ್ತಿದ್ದ ಹೊಸ ಉಡುಪುಗಳ ಕ್ಯಾಟಲಾಗನ್ನು ಅಣಕಿಸಿ ಇಟ್ಟ ಹೆಸರು ಅದು. ಪುಟ ತಿರುವಿದರೆ ಸಿಗುವುದು ಯುದ್ಧನೌಕೆಗಳು. 1911ರಿಂದ 1925ರವರೆಗೆ ಹಡಗು ನಿರ್ಮಾಣ ಮತ್ತು ದುರಸ್ತಿ ವಿಭಾಗದ ವಿನ್ಯಾಸಕಾರರು ಬರೆದ ಕರಡು ಚಿತ್ರಗಳು. ಹಡಗಿನ ಪಕ್ಕನೋಟ, ಮೇಲಿನಿಂದ ಕಂಡ ನೋಟ, ಜೊತೆಗೆ ಉದ್ದ, ತೂಕ, ವೇಗ, ತೋಪುಗಳ ಸಂಖ್ಯೆ, ಕವಚದ ದಪ್ಪ. ಇವುಗಳಲ್ಲಿ ಬಹುಪಾಲು ಹಡಗುಗಳು ಕಾಗದ ಬಿಟ್ಟು ನೀರಿಗಿಳಿಯಲೇ ಇಲ್ಲ.

ಕಟ್ಟದೇ ಹೋದ ಹಡಗುಗಳ ಬಗ್ಗೆ ಇಷ್ಟು ಆಸಕ್ತಿ ಏಕೆ? ಕಟ್ಟಿದ ಹಡಗು ನಮಗೆ ಉತ್ತರವನ್ನಷ್ಟೇ ತೋರಿಸುತ್ತದೆ. ಆ ಉತ್ತರಕ್ಕೆ ಬರುವ ಮುನ್ನ ಏನೇನನ್ನು ಬಯಸಿದರು, ಯಾವುದನ್ನು ಕೈಬಿಟ್ಟರು, ಯಾರ ಮಾತು ನಡೆಯಿತು ಎಂಬುದೆಲ್ಲ ಈ ಕರಡುಗಳಲ್ಲಿದೆ. ಎರಡು ಮಹಾಯುದ್ಧಗಳ ನಡುವಿನ ಅಮೆರಿಕದ ಕ್ರೂಸರ್‌ಗಳ ವಿಷಯದಲ್ಲಂತೂ ಅಸಲಿ ಕಾಳಗ ನಡೆದದ್ದು ಮೊದಲು ಕಾಗದದ ಮೇಲೆ. ಅಲ್ಲಿ ಎದುರಾಳಿ ಜಪಾನೂ ಅಲ್ಲ, ಬ್ರಿಟನ್ನೂ ಅಲ್ಲ. ಒಂದು ಅಂಕಿ: 10,000 ಟನ್.

ಆ ಅಂಕಿ ಹುಟ್ಟಿದ್ದು ವಾಷಿಂಗ್ಟನ್‌ನಲ್ಲಿ, 1922ರ ಫೆಬ್ರವರಿ 6ರಂದು. ಅಮೆರಿಕ, ಬ್ರಿಟನ್, ಜಪಾನ್, ಫ್ರಾನ್ಸ್, ಇಟಲಿ ಅಂದು ಸಹಿ ಹಾಕಿದ ನೌಕಾ ಒಪ್ಪಂದದ ಮುಖ್ಯ ಗುರಿ ದೈತ್ಯ ಬ್ಯಾಟಲ್‌ಶಿಪ್‌ಗಳ ಪೈಪೋಟಿಗೆ ಕಡಿವಾಣ ಹಾಕುವುದಾಗಿತ್ತು. ಸಣ್ಣ ನೌಕೆಗಳ ಒಟ್ಟು ತೂಕಕ್ಕೂ ಮಿತಿ ಇರಲಿ ಎಂಬ ಮಾತು ಬಂದಿತ್ತಾದರೂ, ಸಬ್‌ಮರೀನ್‌ಗಳ ವಿಷಯದಲ್ಲಿ ಫ್ರಾನ್ಸ್ ಜಗ್ಗಲಿಲ್ಲವಾಗಿ ಅದು ಬಿದ್ದುಹೋಯಿತು. ಉಳಿದದ್ದು ಒಂದೇ ನಿಯಮ: ಬ್ಯಾಟಲ್‌ಶಿಪ್ ಅಥವಾ ವಿಮಾನವಾಹಕ ಅಲ್ಲದ ಯಾವ ಯುದ್ಧನೌಕೆಯೂ 10,000 ಟನ್ ಮೀರಬಾರದು, ಅದರ ತೋಪಿನ ಬಾಯಿ 8 ಇಂಚು ದಾಟಬಾರದು. ಎಷ್ಟು ನೌಕೆ ಬೇಕಾದರೂ ಕಟ್ಟಿಕೊಳ್ಳಿ. ಬ್ರಿಟನ್ನಿನ ಬಳಿ ಆಗಷ್ಟೇ ಹಾಕಿನ್ಸ್ ವರ್ಗದ ಕ್ರೂಸರ್‌ಗಳಿದ್ದವು. ಸುಮಾರು 9,800 ಟನ್ ತೂಕ, 7.5 ಇಂಚಿನ ತೋಪು. ಅವನ್ನು ಗುಜರಿಗೆ ಹಾಕಲು ಅವರಿಗೆ ಮನಸ್ಸಿರಲಿಲ್ಲ. ಅಮೆರಿಕದ ನೌಕಾಧಿಕಾರಿಗಳ ತಲೆಯಲ್ಲೂ 8 ಇಂಚಿನ ತೋಪಿನ ದೊಡ್ಡ ಕ್ರೂಸರ್‌ನ ಕನಸು ಓಡುತ್ತಿತ್ತು. ಇಬ್ಬರಿಗೂ ತೊಂದರೆಯಾಗದ ಎತ್ತರದಲ್ಲಿ ಗೆರೆ ಎಳೆದರು. ಆದದ್ದೇನೆಂದರೆ, ಮರುದಿನದಿಂದಲೇ ಎಲ್ಲರೂ ಆ ಗೆರೆಯವರೆಗೆ ಬೆಳೆಯಲು ಹೊರಟರು. ಎದುರಾಳಿ 10,000 ಟನ್ ಕಟ್ಟಬಹುದಾದರೆ 7,000 ಟನ್ನಿನದನ್ನು ಕಟ್ಟುವ ದಡ್ಡ ಯಾರು? ಮಿತಿ ಎಂದು ಹಾಕಿದ್ದು ಗುರಿಯಾಯಿತು. ಶಸ್ತ್ರ ನಿಯಂತ್ರಣದ ಇತಿಹಾಸದಲ್ಲಿ ಇದಕ್ಕಿಂತ ಚೆನ್ನಾದ ವ್ಯಂಗ್ಯ ನನಗೆ ಕಂಡಿಲ್ಲ.

ಅಮೆರಿಕಕ್ಕೆ ಕ್ರೂಸರ್‌ಗಳ ಹಸಿವು ಜೋರಾಗಿಯೇ ಇತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ರೂಪಿಸಿದ್ದ ಒಮಾಹಾ ವರ್ಗದ ಹತ್ತು ಹಡಗುಗಳನ್ನು ಬಿಟ್ಟರೆ ಹೊಸ ಕಾಲದ ಕ್ರೂಸರ್ ಒಂದೂ ಇರಲಿಲ್ಲ. 7,050 ಟನ್, ನಾಲ್ಕು ಹೊಗೆಕೊಳವೆ, 35 ನಾಟ್ ವೇಗ. ಓಡುವುದೇನೋ ಓಡುತ್ತಿದ್ದವು, ಆದರೆ 6 ಇಂಚಿನ ತೋಪುಗಳಲ್ಲಿ ಹಲವನ್ನು ಹಳೆಯ ಪದ್ಧತಿಯಂತೆ ಒಡಲಿನ ಪಕ್ಕದ ಗೂಡುಗಳಲ್ಲಿ ಕೂರಿಸಿದ್ದರಿಂದ, ಸಮುದ್ರ ಸ್ವಲ್ಪ ಎದ್ದರೂ ತೋಪಿನವರು ತೊಯ್ದು ತೊಪ್ಪೆ. ಈ ವರ್ಗದ ಹಡಗುಗಳು ಇನ್ನೂ ಕಟ್ಟೆಯ ಮೇಲಿರುವಾಗಲೇ ಅವುಗಳ ಉತ್ತರಾಧಿಕಾರಿಯ ಕರಡುಗಳು ಶುರುವಾಗಿದ್ದವು.

ಕರಡು ಹುಟ್ಟುವ ಕ್ರಮ ಹೀಗಿತ್ತು. 1900ರಲ್ಲಿ ಸ್ಥಾಪನೆಯಾದ ‘ಜನರಲ್ ಬೋರ್ಡ್’ ಎಂಬ ಹಿರಿಯ ಅಡ್ಮಿರಲ್‌ಗಳ ಮಂಡಳಿ ತನಗೆ ಎಂಥ ಹಡಗು ಬೇಕೆಂದು ಹೇಳಬೇಕು: ಇಷ್ಟು ವೇಗ, ಇಷ್ಟು ತೋಪು, ಇಷ್ಟು ದೂರದ ಪಯಣ. ನಿರ್ಮಾಣ ವಿಭಾಗ ಅದಕ್ಕೆ ಒಡಲು ರೂಪಿಸಬೇಕು. ಎಂಜಿನ್ ಇನ್ನೊಂದು ವಿಭಾಗದ ಪಾಲು, ತೋಪು ಮತ್ತು ಕವಚ ಮತ್ತೊಂದರ ಪಾಲು. ಮೂರೂ ವಿಭಾಗಗಳಿಗೆ ತಂತಮ್ಮ ಅಭಿಮಾನ, ತಂತಮ್ಮ ಹಟ. ಅಡ್ಮಿರಲ್‌ಗಳು ಎಲ್ಲವನ್ನೂ ಬಯಸುವರು. ವಿನ್ಯಾಸಕಾರರು ‘ಇದು ಬೇಕಾದರೆ ಅದು ಬಿಡಿ’ ಎಂದು ಎರಡು, ಮೂರು, ನಾಲ್ಕು ಬಗೆಯ ಚಿತ್ರ ಬರೆದು ಮುಂದಿಡುವರು. ಸಹಿ ಬೀಳುವವರೆಗೆ ಹಾಳೆಗಳು ಮಹಡಿಯಿಂದ ಮಹಡಿಗೆ ಅಲೆಯುತ್ತಿದ್ದವು.

ಏನು ಬೇಕು, ಏನು ಬಿಡಬೇಕು ಎಂಬ ಚೌಕಾಶಿಯ ಬುಡದಲ್ಲಿದ್ದದ್ದು ಭೌತವಿಜ್ಞಾನ. ಅದನ್ನು ಒಂದೊಂದಾಗಿ ನೋಡೋಣ. ಮೊದಲಿಗೆ ವೇಗ.

ಹಡಗು ನೀರನ್ನು ಸೀಳಿ ಹೋಗುವಾಗ ಎರಡು ಬಗೆಯ ತಡೆ ಎದುರಾಗುತ್ತದೆ. ಒಡಲಿಗೆ ನೀರು ಉಜ್ಜುವುದು ಒಂದು. ಹಡಗು ತಾನೇ ಎಬ್ಬಿಸುವ ಅಲೆಗಳಿಗೆ ಶಕ್ತಿ ಸುರಿಯುವುದು ಇನ್ನೊಂದು. ನಿಧಾನಕ್ಕೆ ಹೋಗುವಾಗ ಎರಡನೆಯದು ಲೆಕ್ಕಕ್ಕಿಲ್ಲ. ವೇಗ ಏರಿದಂತೆ ಅದೇ ಯಜಮಾನನಾಗುತ್ತದೆ. ಹಡಗಿನ ಮೂತಿ ಎಬ್ಬಿಸುವ ಅಲೆ ಹಡಗಿನ ವೇಗದಲ್ಲೇ ಸಾಗಬೇಕಲ್ಲ. ಆಳ ಸಮುದ್ರದಲ್ಲಿ ಅಲೆ ಎಷ್ಟು ಉದ್ದವೋ ಅಷ್ಟು ವೇಗ. ಹಾಗಾಗಿ ಹಡಗು ವೇಗ ಹೆಚ್ಚಿಸಿಕೊಂಡಂತೆ ಅದರ ಜೊತೆಗಾರ ಅಲೆಯೂ ಉದ್ದವಾಗುತ್ತಾ ಹೋಗಿ, ಒಂದು ಹಂತದಲ್ಲಿ ಹಡಗಿನಷ್ಟೇ ಉದ್ದವಾಗುತ್ತದೆ. ಆಗ ಮೂತಿ ಒಂದು ಅಲೆಯ ನೆತ್ತಿಯ ಮೇಲೆ, ಹಿಂಬದಿ ಮುಂದಿನ ಅಲೆಯ ನೆತ್ತಿಯ ಮೇಲೆ. ಅಲ್ಲಿಂದಾಚೆಗೆ ಹಡಗು ತಾನೇ ಕಟ್ಟಿದ ಗುಡ್ಡವನ್ನು ತಾನೇ ಹತ್ತಬೇಕು. ಒಂದೊಂದು ನಾಟ್‌ಗೂ ಕೊಡಬೇಕಾದ ಬೆಲೆ ಅಲ್ಲಿ ವಿಪರೀತ.

ಈ ಸೂತ್ರಕ್ಕೆ ಅಮೆರಿಕದ ಮೊದಲ 10,000 ಟನ್ ಕ್ರೂಸರ್ ಪೆನ್ಸಕೋಲಾದ ಅಂಕಿಗಳನ್ನು ಹಾಕಿ ನೋಡಿ. ವಿನ್ಯಾಸದ ವೇಗ 32.5 ನಾಟ್, ಅಂದರೆ ಸೆಕೆಂಡಿಗೆ 16.7 ಮೀಟರ್. ಆ ವೇಗದ ಅಲೆಯ ಉದ್ದ ಸುಮಾರು 179 ಮೀಟರ್. ಪೆನ್ಸಕೋಲಾದ ಉದ್ದ ಎಷ್ಟು? 585 ಅಡಿ 6 ಇಂಚು. ಮೀಟರಿನಲ್ಲಿ ಹೇಳುವುದಾದರೆ 178ಕ್ಕೆ ತುಸು ಮೇಲೆ. ಹೀಗೆ ಕೂಡಿಬಂದದ್ದು ಕಾಕತಾಳೀಯವಲ್ಲ. ಹಡಗಿನ ಉದ್ದ ಮತ್ತು ವೇಗದ ನಂಟು ವಿನ್ಯಾಸಕಾರರಿಗೆ ಕರತಲಾಮಲಕವಾಗಿತ್ತು. ವಾಷಿಂಗ್ಟನ್‌ನ ನೌಕಾ ಕಾರ್ಖಾನೆಯ ಅಂಗಳದಲ್ಲಿ 1890ರ ದಶಕದ ಕೊನೆಯಲ್ಲಿ ಡೇವಿಡ್ ಟೇಲರ್ ಎಂಬ ನೌಕಾ ಎಂಜಿನಿಯರ್ 470 ಅಡಿ ಉದ್ದದ ನೀರಿನ ತೊಟ್ಟಿ ಕಟ್ಟಿಸಿದ್ದ. ಅದರಲ್ಲಿ ಮರದ ಮಾದರಿ ಒಡಲುಗಳನ್ನು ಎಳೆದು ತಡೆ ಅಳೆಯುತ್ತಿದ್ದರು. ಒಡಲಿನ ಆಕಾರವನ್ನು ಕ್ರಮವಾಗಿ ಬದಲಿಸುತ್ತಾ ಅವನು ಸಿದ್ಧಪಡಿಸಿದ ಅಳತೆಗಳ ಸರಣಿ ಮುಂದೆ ಜಗತ್ತಿನ ಹಡಗು ವಿನ್ಯಾಸಕಾರರೆಲ್ಲರ ಕೈಪಿಡಿಯಾಯಿತು. 1914ರಿಂದ 1922ರವರೆಗೆ ನಿರ್ಮಾಣ ವಿಭಾಗದ ಮುಖ್ಯಸ್ಥನೂ ಅವನೇ. ಅಡ್ಮಿರಲ್ ಒಬ್ಬರು ‘ಇನ್ನೆರಡು ನಾಟ್ ಜಾಸ್ತಿ ಬೇಕು’ ಎಂದರೆ, ಅದಕ್ಕೆ ಎಷ್ಟು ಅಶ್ವಶಕ್ತಿ ಬೇಕೆಂದು ಹೇಳಲು ಅವನ ಶಿಷ್ಯರಿಗೆ ಹಡಗು ಕಟ್ಟಿ ನೋಡಬೇಕಾಗಿರಲಿಲ್ಲ.

ಪೆನ್ಸಕೋಲಾದ 32.5 ನಾಟ್‌ಗೆ 1,07,000 ಅಶ್ವಶಕ್ತಿ ಬೇಕಾಯಿತು. ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ ಎಂಬ ಉದಾರ ಲೆಕ್ಕ ಹಿಡಿದರೂ, ಅದೇ ಹಡಗನ್ನು ಒಮಾಹಾದಂತೆ 35 ನಾಟ್ ಓಡಿಸಲು ಕಾಲು ಪಾಲು ಹೆಚ್ಚು ಶಕ್ತಿ ಬೇಕು. ಅಲೆಯ ಗುಡ್ಡ ಅಡ್ಡ ಬರುವ ಕಡೆ ವಾಸ್ತವ ಇನ್ನೂ ಕಠೋರ. ಆ ಹೆಚ್ಚುವರಿ ಟರ್ಬೈನ್, ಬಾಯ್ಲರ್‌ಗಳ ತೂಕ ಎಲ್ಲಿಂದ ತರುವುದು? ಹಡಗನ್ನೇ ಉದ್ದ ಮಾಡಿದರೆ ಅಲೆಯ ಕಾಟ ಕಡಿಮೆಯಾಗುತ್ತದೆ, ನಿಜ. ಆದರೆ ಉದ್ದವಾದ ತೆಳು ಒಡಲು ಎರಡು ಅಲೆಗಳ ನೆತ್ತಿಯ ಮೇಲೆ ಕೂತಾಗ ನಡು ಜೋಲುತ್ತದೆ. ಒಂದೇ ಅಲೆ ನಡುವಿಗೆ ಬಂದಾಗ ಎರಡೂ ತುದಿ ಜೋಲುತ್ತವೆ. ಈ ಬಾಗಾಟವನ್ನು ತಾಳಿಕೊಳ್ಳಲು ಡೆಕ್ಕಿಗೂ ತಳಕ್ಕೂ ದಪ್ಪ ಉಕ್ಕು ಬೇಕು. ಮತ್ತೆ ತೂಕ.

ತೋಪಿನದು ಇನ್ನೊಂದು ಲೆಕ್ಕ. 6 ಇಂಚಿನ ಗುಂಡಿನ ತೂಕ ಆಗ 105 ಪೌಂಡ್, 8 ಇಂಚಿನದು 260 ಪೌಂಡ್. ಬಾಯಿಯ ಅಗಲ ಮೂರನೇ ಒಂದು ಪಾಲು ಹೆಚ್ಚಾದರೆ ಗುಂಡಿನ ತೂಕ ಎರಡೂವರೆ ಪಟ್ಟು. ದೂರ ಹೋಗಿ ಬೀಳುವುದರಲ್ಲಿ, ಬಿದ್ದಲ್ಲಿ ಮಾಡುವ ಅನಾಹುತದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಒಪ್ಪಂದ 8 ಇಂಚಿಗೆ ಅನುಮತಿ ಕೊಟ್ಟ ಮೇಲೆ 6 ಇಂಚಿನ ಮಾತೆತ್ತುವವರಿಗೆ ಜನರಲ್ ಬೋರ್ಡಿನಲ್ಲಿ ಜಾಗವಿರಲಿಲ್ಲ. ಪ್ರಶ್ನೆ ಎಷ್ಟು ತೋಪು ಎಂಬುದಷ್ಟೇ.

ಇನ್ನು ಕವಚ. ಒಂದು ಇಂಚು ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ ಹತ್ತಿರ ಹತ್ತಿರ 200 ಕಿಲೋ ತೂಗುತ್ತದೆ. ಎಂಜಿನ್ ಕೋಣೆಗಳು, ಮದ್ದಿನ ಕೋಠಿಗಳು ಸೇರಿ 100 ಮೀಟರ್ ಉದ್ದವನ್ನು ಕಾಪಾಡಬೇಕು ಎಂದುಕೊಳ್ಳಿ. ಎರಡೂ ಪಕ್ಕಗಳಿಗೆ 4 ಮೀಟರ್ ಎತ್ತರದ ಪಟ್ಟಿ ಹೊದಿಸಿದರೆ ಪ್ರತಿ ಇಂಚು ದಪ್ಪಕ್ಕೆ 160 ಟನ್. ಮೇಲೆ 18 ಮೀಟರ್ ಅಗಲದ ಡೆಕ್ಕಿಗೆ ಹೊದಿಸಿದರೆ ಪ್ರತಿ ಇಂಚಿಗೆ 360 ಟನ್. 8 ಇಂಚಿನ ಗುಂಡನ್ನು ತಡೆಯಲು ಪಕ್ಕಕ್ಕೆ ಐದಾರು ಇಂಚಾದರೂ ಬೇಕು, ಡೆಕ್ಕಿಗೆ ಎರಡರ ಆಸುಪಾಸು. ಅಂದರೆ ಸಾವಿರದೈನೂರು ಟನ್ನಿಗೂ ಮೀರಿದ ಭಾರ. ವೇಗವನ್ನೂ ತೋಪುಗಳನ್ನೂ ತುಂಬಿಸಿದ ಮೇಲೆ ಅಷ್ಟು ಜಾಗ ಎಲ್ಲಿ ಉಳಿದೀತು? ಆರಂಭದ ಕರಡುಗಳಲ್ಲಿ ಕವಚ ಎಂಬುದು ಹೆಸರಿಗಷ್ಟೇ ಇತ್ತು. ಆಮೇಲೆ ವೇಗವನ್ನು ತುಸು ಇಳಿಸಿ, ಉಳಿದ ತೂಕದಲ್ಲಿ ಡೆಸ್ಟ್ರಾಯರ್‌ಗಳ 5 ಇಂಚಿನ ಗುಂಡುಗಳನ್ನಾದರೂ ತಡೆಯುವಷ್ಟು ಕವಚ ಸೇರಿಸಿದರು. ತನ್ನದೇ ತೋಪಿನ ಗುಂಡು ತನ್ನನ್ನೇ ಹೊಕ್ಕು ಹೊರಬರಬಲ್ಲ ಹಡಗು. ಇಂಥ ಕ್ರೂಸರ್‌ಗಳಿಗೆ ‘ಟಿನ್‌ಕ್ಲಾಡ್’, ಅಂದರೆ ತಗಡಿನ ಕವಚದವು, ಎಂಬ ಅಡ್ಡಹೆಸರು ಬಿದ್ದದ್ದು ಸುಮ್ಮನೆ ಅಲ್ಲ.

ನಾಲ್ಕನೆಯ ಬೇಡಿಕೆ ದೂರ. ಭೂಪಟ ಬಿಡಿಸಿದರೆ ಇದರ ಕಾರಣ ತಿಳಿಯುತ್ತದೆ. ಜಪಾನಿನ ಜೊತೆ ಯುದ್ಧವಾದರೆ ಎಂಬ ಊಹೆಯ ಮೇಲೆ ಅಮೆರಿಕ ‘ಆರೆಂಜ್’ ಎಂಬ ಗುಪ್ತನಾಮದ ಯೋಜನೆ ಇಟ್ಟುಕೊಂಡಿತ್ತು. ಹೊನೊಲುಲುವಿನಿಂದ ಮನಿಲಾಕ್ಕೆ ಸುಮಾರು 4,800 ನಾಟಿಕಲ್ ಮೈಲಿ. ಅದೇ ವಾಷಿಂಗ್ಟನ್ ಒಪ್ಪಂದದ 19ನೇ ವಿಧಿ ಫಿಲಿಪ್ಪೀನ್ಸ್, ಗುವಾಮ್‌ಗಳಲ್ಲಿ ಹೊಸ ಕೋಟೆಕೊತ್ತಲ, ನೌಕಾನೆಲೆ ಬೆಳೆಸುವುದನ್ನು ನಿಷೇಧಿಸಿತ್ತು. ದಾರಿಯಲ್ಲಿ ಬಂದರಿಲ್ಲ, ತಲುಪಿದಲ್ಲಿ ನೆಲೆಯಿಲ್ಲ. ಆದ್ದರಿಂದ 15 ನಾಟ್‌ನಲ್ಲಿ 10,000 ನಾಟಿಕಲ್ ಮೈಲಿ ಹೋಗಬಲ್ಲ ಹಡಗು ಬೇಕೆಂದು ಅಮೆರಿಕನ್ನರು ಪಟ್ಟು ಹಿಡಿದರು. ಬ್ರಿಟಿಷರಿಗೆ ಈ ಹಟವೇ ಅರ್ಥವಾಗಲಿಲ್ಲ. ಅವರಿಗೆ ದಾರಿಯುದ್ದಕ್ಕೂ ಜಿಬ್ರಾಲ್ಟರ್, ಏಡನ್, ಸಿಂಗಪುರ ಇದ್ದವು. ಬೇಕಾದದ್ದು ವ್ಯಾಪಾರಿ ಹಡಗುಗಳನ್ನು ಕಾಯುವ ಹಲವಾರು ಸಣ್ಣ ಕ್ರೂಸರ್. ಎಪ್ಪತ್ತು ಬೇಕು ಎಂಬುದು ಅವರ ವಾದ. 1927ರ ಬೇಸಿಗೆಯಲ್ಲಿ ಜಿನೀವಾದಲ್ಲಿ ಈ ಎರಡು ವಾದಗಳು ಮುಖಾಮುಖಿಯಾಗಿ, ಸಭೆ ಬರಿಗೈಯಲ್ಲಿ ಮುಗಿಯಿತು.

ಇಂಧನದ ವಿಷಯದಲ್ಲಿ ಒಪ್ಪಂದದೊಳಗೇ ಒಂದು ಸೊಗಸಾದ ಕಿಟಕಿ ತೆರೆದಿಟ್ಟಿದ್ದರು. 10,000 ಟನ್ ಎಂದರೆ ಯಾವ ಟನ್? ಸಿಬ್ಬಂದಿ, ಮದ್ದುಗುಂಡು, ಆಹಾರ, ಕುಡಿಯುವ ನೀರು ಎಲ್ಲ ತುಂಬಿ ಸಮುದ್ರಕ್ಕೆ ಹೊರಡಲು ಸಿದ್ಧವಾದ ಹಡಗಿನ ತೂಕ. ಆದರೆ ಇಂಧನ ಮತ್ತು ಬಾಯ್ಲರಿನ ಮೀಸಲು ನೀರನ್ನು ಬಿಟ್ಟು. ಒಂದು ಟನ್ ಎಂದರೆ 2,240 ಪೌಂಡ್. ದೂರದ ಸಾಗರಗಳನ್ನು ದಾಟಬೇಕಾದ ದೇಶಗಳು ಇಂಧನದ ತೂಕಕ್ಕೆ ದಂಡ ತೆರಬಾರದು ಎಂಬುದು ಇದರ ಹಿಂದಿನ ತರ್ಕ. ಮೇಲ್ನೋಟಕ್ಕೆ ಎಣ್ಣೆ ಪುಕ್ಕಟೆ. ಆದರೆ ಎಣ್ಣೆ ತುಂಬುವ ತೊಟ್ಟಿಗೆ ಜಾಗ ಬೇಕು, ಜಾಗಕ್ಕೆ ದೊಡ್ಡ ಒಡಲು ಬೇಕು, ಒಡಲಿಗೆ ಉಕ್ಕು ಬೇಕು. ಉಕ್ಕು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಇಷ್ಟೆಲ್ಲ ಎಳೆದಾಟದ ನಂತರ 1924ರ ಡಿಸೆಂಬರ್‌ನಲ್ಲಿ ಎಂಟು ಕ್ರೂಸರ್‌ಗಳಿಗೆ ಕಾಂಗ್ರೆಸ್ ಒಪ್ಪಿಗೆ ಕೊಟ್ಟಿತು. ಮೊದಲೆರಡು ಪೆನ್ಸಕೋಲಾ ಮತ್ತು ಸಾಲ್ಟ್ ಲೇಕ್ ಸಿಟಿ. ಚಿತ್ರ ನೋಡಿದವರು ಒಮ್ಮೆ ಕಣ್ಣುಜ್ಜಿಕೊಳ್ಳುತ್ತಾರೆ. ಹತ್ತು ತೋಪು, ನಾಲ್ಕು ಟರೆಟ್. ಮುಂದೆ ಎರಡು, ಹಿಂದೆ ಎರಡು, ಒಂದರ ಬೆನ್ನ ಮೇಲಿಂದ ಇನ್ನೊಂದು ಗುಂಡು ಹಾರಿಸುವ ಹಾಗೆ. ಇಲ್ಲಿಯವರೆಗೆ ಸರಿ. ಆದರೆ ಎರಡು ತೋಪಿನ ಹಗುರ ಟರೆಟ್ ಕೆಳಗಿದೆ, ಮೂರು ತೋಪಿನ ಭಾರದ ಟರೆಟ್ ಮೇಲಿದೆ! ಭಾರವಾದದ್ದು ಕೆಳಗಿರಬೇಕು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಟೇಲರನ ಶಿಷ್ಯರಿಗೆ ಗೊತ್ತಿರಲಿಲ್ಲವೇ?

ಗೊತ್ತಿತ್ತು. ವೇಗಕ್ಕಾಗಿ ಒಡಲಿನ ಎರಡೂ ತುದಿಗಳನ್ನು ಚೂಪಾಗಿಸಿದ್ದರು. ಟರೆಟ್ ಎಂದರೆ ಡೆಕ್ಕಿನ ಮೇಲೆ ಕಾಣುವ ಪೆಟ್ಟಿಗೆಯಷ್ಟೇ ಅಲ್ಲ. ಅದರ ಕೆಳಗೆ ಗುಂಡು ಮತ್ತು ಮದ್ದು ಮೇಲೆತ್ತುವ, ಕವಚ ತೊಡಿಸಿದ ದುಂಡನೆಯ ಬಾವಿಯೊಂದು ಹಡಗಿನ ಹೊಟ್ಟೆಯವರೆಗೆ ಇಳಿದಿರುತ್ತದೆ. ಮೂರು ತೋಪಿನ ಬಾವಿ ಅಗಲ ಹೆಚ್ಚು. ಮೂತಿಯ ಕಡೆಯ ಕಿರಿದಾದ ಜಾಗದಲ್ಲಿ ಅದು ಹಿಡಿಸುವುದಿಲ್ಲ. ತುಸು ಹಿಂದಕ್ಕೆ, ಒಡಲು ಅಗಲವಾಗುವ ಕಡೆ ಹಿಡಿಸುತ್ತದೆ. ಆ ಜಾಗ ಮೇಲಿನ ಟರೆಟ್ಟಿನದು. ಅಲೆಯ ಗಣಿತ ಒಡಲಿನ ಆಕಾರವನ್ನು ನಿರ್ಧರಿಸಿತು, ಒಡಲಿನ ಆಕಾರ ತೋಪಿನ ಜಾಗವನ್ನು ನಿರ್ಧರಿಸಿತು. ಹಡಗು ನೋಡಲು ವಿಚಿತ್ರ. ಹಿಂದಿನ ತರ್ಕದಲ್ಲಿ ಮಾತ್ರ ಒಂದು ಎಳೆಯೂ ತಪ್ಪಿಲ್ಲ. ಇಂಥ ಕಡೆ ನನಗೆ ಈ ವಿನ್ಯಾಸಕಾರರ ಮೇಲೆ ಅಭಿಮಾನ ಉಕ್ಕುತ್ತದೆ.

ತೂಕ ಉಳಿಸುವ ಹಟ ತೋಪಿನ ತೊಟ್ಟಿಲಿಗೂ ಹಬ್ಬಿತು. ಒಂದು ಟರೆಟ್ಟಿನ ಎಲ್ಲ ತೋಪುಗಳನ್ನೂ ಒಟ್ಟಿಗೇ ಏರಿಳಿಯುವ ಒಂದೇ ತೊಟ್ಟಿಲಲ್ಲಿ ಒತ್ತೊತ್ತಾಗಿ ಕೂರಿಸಿದರು. ಜಾಗ ಉಳಿಯಿತು, ಕವಚ ಉಳಿಯಿತು. ಆದರೆ ಒಟ್ಟಿಗೇ ಸಿಡಿದ ಗುಂಡುಗಳು ಗಾಳಿಯಲ್ಲಿ ಪರಸ್ಪರ ತಗಾದೆ ತೆಗೆದು, ಬೀಳುವಾಗ ಚೆಲ್ಲಾಪಿಲ್ಲಿಯಾದವು. ನಡುವಿನ ತೋಪು ಕಣ್ಣು ಮಿಟುಕುವುದಕ್ಕಿಂತ ಕಡಿಮೆ ಹೊತ್ತು ತಡವಾಗಿ ಸಿಡಿಯುವಂತೆ ಮಾಡುವ ವಿದ್ಯುತ್ ಸುರುಳಿ ಅಳವಡಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ಒಂದೊಂದು ತೋಪಿಗೂ ಬೇರೆ ಬೇರೆ ತೊಟ್ಟಿಲು ಸಿಕ್ಕಿದ್ದು ಮುಂದೆ ಎಷ್ಟೋ ವರ್ಷಗಳ ನಂತರ, ವಿಚಿಟಾ ಎಂಬ ಕ್ರೂಸರ್‌ನಲ್ಲಿ.

ಹಡಗು ಕಟ್ಟುವ ಅಂಗಳದಲ್ಲೂ ತೂಕದ ಕಾವಲು ಬಿಗಿಯಾಗಿತ್ತು. ಬಂದ ತಗಡುಗಳನ್ನು ತೂಗಿದರು. ರಿವೆಟ್ಟಿನ ಬದಲು ಸಾಧ್ಯವಾದಲ್ಲೆಲ್ಲ ವಿದ್ಯುತ್ ಬೆಸುಗೆ ಹಾಕಿದರು, ಏಕೆಂದರೆ ರಿವೆಟ್ ಹೊಡೆಯಬೇಕಾದರೆ ಒಂದು ತಗಡಿನ ಅಂಚು ಇನ್ನೊಂದರ ಮೇಲೆ ಬರಬೇಕು, ಬೆಸುಗೆಗೆ ಅಂಚಿಗೆ ಅಂಚು ತಾಗಿದರೆ ಸಾಕು. ಮಿತಿ ಮೀರಿದರೆ ಒಪ್ಪಂದ ಮುರಿದ ಅಪವಾದ ಬರುತ್ತದೆಂಬ ಭಯ. ಹೀಗೆ ಪ್ರತಿಯೊಬ್ಬರೂ ತಮ್ಮ ಪಾಲಿನಲ್ಲಿ ಸ್ವಲ್ಪ ಸ್ವಲ್ಪ ಉಳಿಸುತ್ತಾ ಬಂದರು. 1929ರ ಡಿಸೆಂಬರ್‌ನಲ್ಲಿ ಸಾಲ್ಟ್ ಲೇಕ್ ಸಿಟಿ, 1930ರ ಫೆಬ್ರವರಿಯಲ್ಲಿ ಪೆನ್ಸಕೋಲಾ ಸೇವೆಗೆ ಸೇರಿದಾಗ ತೂಕ ಸುಮಾರು 9,100 ಟನ್! ಒಪ್ಪಂದ ಕೊಟ್ಟ ಪಾಲಿನಲ್ಲಿ 900 ಟನ್ ಹಾಗೇ ಉಳಿದುಹೋಗಿತ್ತು. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ: ಪಕ್ಕಗಳಿಗೂ ಡೆಕ್ಕಿಗೂ ಇನ್ನೂ ಒಂದೊಂದು ಇಂಚು ಕವಚ ಹೊದಿಸಿಯೂ ಮಿಗುವಷ್ಟು. ಕವಚವಿಲ್ಲ ಎಂದು ಎರಡು ವರ್ಷ ಪೇಚಾಡಿದವರು ಕೈಯಲ್ಲಿದ್ದ ಕವಚವನ್ನು ಬಳಸಲೇ ಇಲ್ಲ.

ಅದೇ ಹೊತ್ತಿಗೆ ಜಪಾನಿನಲ್ಲಿ ನಡೆದದ್ದು ಇದಕ್ಕೆ ಸರಿ ವಿರುದ್ಧ. ಹಿರಾಗಾ ಯುಜುರು ಎಂಬ ಅಪ್ರತಿಮ ವಿನ್ಯಾಸಕಾರ ಕವಚದ ತಗಡನ್ನೇ ಒಡಲಿನ ಬಲದ ಭಾಗವಾಗಿ ಬಳಸಿ ತೂಕ ಉಳಿಸುವ ಜಾಣ ವಿಧಾನ ಕಂಡುಹಿಡಿದಿದ್ದ. ಆದರೂ ಅವನ ಫುರುಟಾಕಾ ಎಂಬ ಕ್ರೂಸರ್ ಅಂದಾಜಿಗಿಂತ ನೂರಾರು ಟನ್ ಭಾರವಾಗಿ ಹೊರಬಂತು. 10,000 ಟನ್ ಎಂದು ಸಾರಿದ ಮ್ಯೋಕೋ ವರ್ಗದ ಹಡಗುಗಳು ಸುಮಾರು ಸಾವಿರ ಟನ್ ಮೀರಿದವು. ಅಂದರೆ ಕಾಗದದ ಮೇಲೆ ಸಮಬಲದ ಎರಡು ಹಡಗುಗಳ ನಡುವೆ ಸಮುದ್ರದಲ್ಲಿ ಎರಡು ಸಾವಿರ ಟನ್ನಿನ ಅಂತರ. ಇದರಲ್ಲಿ ಎಷ್ಟು ಅಂದಾಜು ತಪ್ಪಿದ್ದು, ಎಷ್ಟು ಬೇಕೆಂದೇ ಮಾಡಿದ್ದು ಎಂಬ ಚರ್ಚೆ ಇತಿಹಾಸಕಾರರಿಗಿರಲಿ.

ಎರಡನೇ ಕಂತಿನ ಆರು ಹಡಗುಗಳು, ಅಂದರೆ ನಾರ್ಥಾಂಪ್ಟನ್ ವರ್ಗದವು, ಕೆಲವು ತಪ್ಪುಗಳನ್ನು ತಿದ್ದಿಕೊಂಡವು. ಹತ್ತರ ಬದಲು ಒಂಬತ್ತು ತೋಪು, ಮೂರು ಮೂರರಂತೆ ಮೂರೇ ಟರೆಟ್. ಒಂದು ತೋಪು ಕಳೆದುಕೊಂಡು ಒಂದು ಇಡೀ ಬಾವಿಯನ್ನೂ ಅದರ ಕವಚವನ್ನೂ ಉಳಿಸಿಕೊಂಡರು. ಮೂತಿಯ ಕಡೆ ಡೆಕ್ ಎತ್ತರಿಸಿದರು, ವಿಮಾನಗಳಿಗೆ ಸೂರು ಕಟ್ಟಿದರು. ಈ ಮೂರು-ಮೂರು-ಮೂರರ ಜೋಡಣೆ ಅಮೆರಿಕದ ಭಾರಿ ಕ್ರೂಸರ್‌ಗಳಿಗೆ ಕೊನೆಯವರೆಗೂ ಕಾಯಂ ಆಯಿತು. ಆದರೆ ತೂಕ? ಮತ್ತೆ 9,050 ಟನ್ ಆಸುಪಾಸು. ಮೊದಲಿನ ಹಡಗು ತೂಗಿ ನೋಡುವ ಹೊತ್ತಿಗೆ ಎರಡನೆಯದರ ವಿನ್ಯಾಸ ಮುಗಿದುಹೋಗಿತ್ತು.

ಈ ಹಗುರತನ ಇನ್ನೊಂದು ಅನಿರೀಕ್ಷಿತ ಪೀಡೆ ತಂದಿತು. ಹಡಗು ಅಂದಾಜಿಗಿಂತ ಹಗುರಾದರೆ ಭಾರಕೇಂದ್ರ ಮತ್ತು ತೇಲುವ ಬಲದ ಹೊಂದಾಣಿಕೆ ಬದಲಾಗುತ್ತದೆ. ನಾರ್ಥಾಂಪ್ಟನ್‌ಗಳು ವಿಪರೀತ ಸ್ಥಿರವಾಗಿಬಿಟ್ಟವು. ಸ್ಥಿರತೆ ಒಳ್ಳೆಯದೇ ಅಲ್ಲವೇ ಎನ್ನಬೇಡಿ. ಬುಡ ಭಾರದ ತಲೆಯಾಡಿಸುವ ಗೊಂಬೆಯನ್ನು ತಳ್ಳಿ ನೋಡಿ. ಬೀಳುವುದಿಲ್ಲ, ಆದರೆ ರಪ್ಪನೆ ಎದ್ದು ಆ ಕಡೆ, ರಪ್ಪನೆ ಈ ಕಡೆ ಹೊಯ್ದಾಡುತ್ತದೆ. ಹಡಗಿನಲ್ಲಿ ನಿಂತು ಇಪ್ಪತ್ತು ಕಿಲೋಮೀಟರ್ ಆಚೆಯ ಗುರಿಗೆ ತೋಪು ಹಿಡಿಯುವವನಿಗೆ ಆ ಹೊಯ್ದಾಟವೇ ಶತ್ರು. ಒಡಲಿನ ಕೆಳಬದಿಯ ಎರಡೂ ಕಡೆ ರೆಕ್ಕೆಯಂಥ ಉದ್ದನೆಯ ಪಟ್ಟಿಗಳನ್ನು ಅಗಲಗೊಳಿಸಿ ಹೊಯ್ದಾಟವನ್ನು ತಕ್ಕಮಟ್ಟಿಗೆ ಪಳಗಿಸಿದರು.

1929ರಲ್ಲಿ ಕಾಂಗ್ರೆಸ್ ಇನ್ನೂ ಹದಿನೈದು ಕ್ರೂಸರ್‌ಗಳಿಗೆ ಒಪ್ಪಿಗೆ ಕೊಟ್ಟ ಹೊತ್ತಿಗೆ ವಿನ್ಯಾಸಕಾರರಿಗೆ ತಮ್ಮ ಜೇಬಿನಲ್ಲಿ ಉಳಿದ ಟನ್ನುಗಳ ಅರಿವಾಗಿತ್ತು. ಕವಚ ಕುರಿತ ಚಿಂತನೆಯೂ ಹದಕ್ಕೆ ಬಂದಿತ್ತು. ಎದುರಾಳಿ ಹತ್ತಿರವಿದ್ದರೆ ಗುಂಡು ಅಡ್ಡಡ್ಡ ಬಂದು ಪಕ್ಕದ ಕವಚವನ್ನು ಭೇದಿಸುತ್ತದೆ. ಬಹಳ ದೂರವಿದ್ದರೆ ಆಕಾಶದಿಂದ ಇಳಿದು ಡೆಕ್ಕನ್ನು ಭೇದಿಸುತ್ತದೆ. ನಡುವೆ ಎರಡೂ ಸಾಧ್ಯವಾಗದ ದೂರದ ಪಟ್ಟಿಯೊಂದಿದೆ. ಆ ಪಟ್ಟಿ ಎಷ್ಟು ಅಗಲವೋ ಅಷ್ಟು ಕವಚ ಸಾರ್ಥಕ. ನ್ಯೂ ಆರ್ಲಿಯನ್ಸ್ ವರ್ಗದಲ್ಲಿ ಒಡಲನ್ನು ಗಿಡ್ಡ ಮಾಡಿ, ಕವಚ ಹೊದಿಸಬೇಕಾದ ಉದ್ದವನ್ನು ಕುಗ್ಗಿಸಿ, ಎಂಜಿನ್ ಕೋಣೆಗಳ ಪಕ್ಕಕ್ಕೆ 5 ಇಂಚು ಕವಚ ಕೊಟ್ಟರು. ಕೊನೆಗೂ ತನ್ನ ಸರೀಕರ ಗುಂಡಿಗೆ ಎದೆಗೊಡಬಲ್ಲ ಕ್ರೂಸರ್.

ಅಷ್ಟರಲ್ಲಿ ರಾಜಕೀಯ ಮತ್ತೆ ಚಲಿಸಿತು. 1930ರ ಏಪ್ರಿಲ್ 22ರಂದು ಲಂಡನ್‌ನಲ್ಲಿ ಸಹಿಯಾದ ಹೊಸ ಒಪ್ಪಂದ ಕ್ರೂಸರ್‌ಗಳನ್ನು ಎರಡು ಜಾತಿ ಮಾಡಿತು. ತೋಪು 6.1 ಇಂಚು ಮೀರಿದರೆ ಭಾರಿ, ಇಲ್ಲವಾದರೆ ಹಗುರ. ಭಾರಿ ಕ್ರೂಸರ್ ಅಮೆರಿಕಕ್ಕೆ 18, ಬ್ರಿಟನ್ನಿಗೆ 15, ಜಪಾನಿಗೆ 12. ತಮಾಷೆಯೆಂದರೆ ಹಗುರ ಕ್ರೂಸರ್‌ನ ಗರಿಷ್ಠ ತೂಕ 10,000 ಟನ್ನಾಗಿಯೇ ಉಳಿಯಿತು. ಜಪಾನ್ ತಕ್ಷಣ ಹದಿನೈದು ತೋಪಿನ ಮೊಗಾಮಿಯನ್ನು ಘೋಷಿಸಿತು, ತೂಕ 8,500 ಟನ್ ಎಂದು ಹೇಳಿಕೊಂಡು. ಅಷ್ಟು ತೂಕದಲ್ಲಿ ಅಷ್ಟು ತೋಪು ಹಿಡಿಸುವುದು ಹೇಗೆ ಎಂದು ಬೇರೆ ದೇಶದವರು ತಲೆ ಕೆರೆದುಕೊಂಡರು. ಹಿಡಿಸುವುದಿಲ್ಲ ಎಂಬುದೇ ಸರಿಯಾದ ಉತ್ತರ. 1935ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಮೊಗಾಮಿಯ ಒಡಲಿಗೆ ಪೆಟ್ಟಾದ ಮೇಲೆ ಜಪಾನೀಯರೇ ಅದನ್ನು ಬಲಪಡಿಸಿ ಭಾರ ಮಾಡಬೇಕಾಯಿತು. ಅಮೆರಿಕದ ಮರುತ್ತರ ಬ್ರೂಕ್ಲಿನ್ ವರ್ಗ. ಐದು ಟರೆಟ್, 6 ಇಂಚಿನ ಹದಿನೈದು ತೋಪು. 8 ಇಂಚಿನದು ನಿಮಿಷಕ್ಕೆ ಮೂರು ನಾಲ್ಕು ಗುಂಡು ಹಾರಿಸಿದರೆ ಇದು ಎಂಟು ಹತ್ತು. ಈ ವರ್ಗದ ಫೀನಿಕ್ಸ್ ಮುಂದೆ ಅರ್ಜೆಂಟೀನಾಕ್ಕೆ ಮಾರಾಟವಾಗಿ ಜನರಲ್ ಬೆಲ್ಗ್ರಾನೊ ಎಂಬ ಹೆಸರಿನಲ್ಲಿ 1982ರ ಮೇ 2ರಂದು ಬ್ರಿಟಿಷ್ ಸಬ್‌ಮರೀನಿನ ಟಾರ್ಪೆಡೊಗೆ ಮುಳುಗಿತು.

ಲಂಡನ್ ಒಪ್ಪಂದದ ಇನ್ನೊಂದು ಸಾಲು ವಿನ್ಯಾಸಕಾರರನ್ನು ಹುಚ್ಚು ಹಿಡಿಸಿತು. ಕ್ರೂಸರ್ ಪಾಲಿನ ತೂಕದಲ್ಲಿ ಕಾಲು ಭಾಗದಷ್ಟು ಹಡಗುಗಳಿಗೆ ವಿಮಾನ ಇಳಿಯುವ ಡೆಕ್ ಇರಬಹುದು ಎಂದಿತ್ತು ಅದು. ನೌಕಾ ವಿಮಾನ ವಿಭಾಗದ ಮುಖ್ಯಸ್ಥ ಅಡ್ಮಿರಲ್ ವಿಲಿಯಂ ಮೊಫೆಟ್ ಇದಕ್ಕೆ ಬೆನ್ನು ಬಿದ್ದ. ಮುಂಭಾಗದಲ್ಲಿ 6 ಇಂಚಿನ ಒಂಬತ್ತು ತೋಪು, ಹಿಂಭಾಗದಲ್ಲಿ ವಿಮಾನದ ಡೆಕ್, ಇಪ್ಪತ್ತನಾಲ್ಕು ವಿಮಾನ: ಅರ್ಧ ಕ್ರೂಸರ್, ಅರ್ಧ ವಿಮಾನವಾಹಕ. ಕರಡುಗಳು ಸಾಕಷ್ಟು ಮುಂದುವರಿದವು, ಹಣ ಮಾತ್ರ ಬರಲಿಲ್ಲ. 1933ರ ಏಪ್ರಿಲ್‌ನಲ್ಲಿ ಆಕ್ರನ್ ವಾಯುನೌಕೆಯ ಅಪಘಾತದಲ್ಲಿ ಮೊಫೆಟ್ ತೀರಿಕೊಂಡ. ನನ್ನ ಅಭಿಪ್ರಾಯ ಕೇಳಿದರೆ ಅದು ಕಟ್ಟದೇ ಹೋದದ್ದೇ ಕ್ಷೇಮ. ಪೆಟ್ರೋಲ್ ತುಂಬಿದ ವಿಮಾನಗಳನ್ನು ಹೊತ್ತು ತೋಪಿನ ಕಾಳಗಕ್ಕೆ ಇಳಿಯುವುದನ್ನು ಯಾವ ಕವಚದ ಲೆಕ್ಕವೂ ಸರಿದೂಗಿಸುವುದಿಲ್ಲ.

1936ರ ಎರಡನೇ ಲಂಡನ್ ಒಪ್ಪಂದ ಹಗುರ ಕ್ರೂಸರ್‌ಗಳ ಮಿತಿಯನ್ನು 8,000 ಟನ್ನಿಗೆ ಇಳಿಸಿತು. ಆ ಮಿತಿಯೊಳಗೆ ಬ್ರಿಟನ್ ರೂಪಿಸಿದ ವರ್ಗವೊಂದರ ನೈಜೀರಿಯಾ ಎಂಬ ಹಡಗನ್ನು ನಾವು ಬಲ್ಲೆವು. ಭಾರತ ಅದನ್ನು 1954ರಲ್ಲಿ ಕೊಂಡು, 1957ರಲ್ಲಿ ಐಎನ್‌ಎಸ್ ಮೈಸೂರು ಎಂದು ಹೆಸರಿಟ್ಟು, ಗಂಡಭೇರುಂಡದ ಲಾಂಛನ ತೊಡಿಸಿ ಸೇವೆಗೆ ಸೇರಿಸಿಕೊಂಡಿತು.

ಯುದ್ಧ ಬಂದಾಗ ಕಾಗದದ ಲೆಕ್ಕಗಳ ಗತಿ ಏನಾಯಿತು? ಒಪ್ಪಂದದ ಕಾಲದ 18 ಭಾರಿ ಕ್ರೂಸರ್‌ಗಳಲ್ಲಿ ಅಮೆರಿಕ ಏಳನ್ನು ಕಳೆದುಕೊಂಡಿತು. ಎಚ್ಚರಿಕೆಯಿಂದ ಕವಚ ಹೊದಿಸಿದ ನ್ಯೂ ಆರ್ಲಿಯನ್ಸ್ ವರ್ಗದ ಮೂರು ಹಡಗುಗಳು 1942ರ ಆಗಸ್ಟ್ 9ರ ನಸುಕಿನಲ್ಲಿ ಸಾವೋ ದ್ವೀಪದ ಬಳಿ ಒಂದೇ ಕಾಳಗದಲ್ಲಿ ಹೋದವು. ಸುರಕ್ಷಿತ ದೂರದ ಪಟ್ಟಿಯನ್ನು ಲೆಕ್ಕ ಹಾಕಿದ್ದು ಹಗಲಿನ, ದೂರದ ಕಾದಾಟಕ್ಕೆ. ಬಂದದ್ದು ಕತ್ತಲಲ್ಲಿ, ಸರ್ಚ್‌ಲೈಟ್ ಬೆಳಕಿನ ಅಳತೆಯೊಳಗೆ. ಮುಳುಗಿದವುಗಳಲ್ಲಿ ಹೆಚ್ಚಿನವಕ್ಕೆ ಟಾರ್ಪೆಡೊ ಹೊಡೆದಿತ್ತು. ದೂರದಿಂದ ತೋಪಿನಲ್ಲೇ ಮುಗಿಸುತ್ತೇವೆ ಎಂಬ ನಂಬಿಕೆಯಲ್ಲಿ ಅಮೆರಿಕನ್ನರು ತಮ್ಮ ಭಾರಿ ಕ್ರೂಸರ್‌ಗಳಿಂದ ಟಾರ್ಪೆಡೊ ಕೊಳವೆಗಳನ್ನೇ ಕಿತ್ತು ತೂಕ ಉಳಿಸಿದ್ದರು, ಜಪಾನೀಯರು ಉಳಿಸಿಕೊಂಡಿದ್ದರು. ವಿಚಿತ್ರವೆಂದರೆ ತಗಡಿನ ಕವಚದ ಮೊದಲೆರಡು ಹಡಗುಗಳು ಕೊನೆಯವರೆಗೂ ಬದುಕಿದವು. 1943ರ ಮಾರ್ಚ್‌ನಲ್ಲಿ ಕೊಮಾಂಡೋರ್ಸ್ಕಿ ದ್ವೀಪಗಳ ಬಳಿ ಸಾಲ್ಟ್ ಲೇಕ್ ಸಿಟಿ ಗಂಟೆಗಟ್ಟಲೆ ಗುಂಡಿನ ಚಕಮಕಿ ನಡೆಸಿ, ಇಂಧನಕ್ಕೆ ಉಪ್ಪುನೀರು ಸೇರಿ ಬಾಯ್ಲರ್ ಆರಿ, ನಟ್ಟನಡು ಸಮುದ್ರದಲ್ಲಿ ನಿಂತುಬಿಟ್ಟಿತ್ತು. ಆದರೂ ಮನೆಗೆ ಮರಳಿತು. 1946ರಲ್ಲಿ ಬಿಕಿನಿ ದ್ವೀಪದಲ್ಲಿ ಎರಡೂ ಹಡಗುಗಳನ್ನು ಎರಡು ಅಣುಬಾಂಬ್ ಪರೀಕ್ಷೆಗಳಿಗೆ ಒಡ್ಡಿದರು. ಆಗಲೂ ಮುಳುಗಲಿಲ್ಲ. 1948ರಲ್ಲಿ ಗುರಿ ಅಭ್ಯಾಸಕ್ಕೆ ಇಟ್ಟು ಮುಳುಗಿಸಿದರು.

ಯುರೋಪಿನಲ್ಲಿ ಯುದ್ಧ ಶುರುವಾಗಿ ಒಪ್ಪಂದಗಳೆಲ್ಲ ರದ್ದಿಗೆ ಹೋದ ಮೇಲೆ ವಾಷಿಂಗ್ಟನ್‌ನ ವಿನ್ಯಾಸಕಾರರು ಮತ್ತೆ ಹಾಳೆ ಬಿಡಿಸಿದರು. ಈ ಸಲ ಗೆರೆ ಇರಲಿಲ್ಲ. ಬೇಡಿಕೆ ಹೆಚ್ಚುಕಡಿಮೆ ಹಳೆಯದೇ: 8 ಇಂಚಿನ ಒಂಬತ್ತು ತೋಪು, 33 ನಾಟ್, ಪಕ್ಕಕ್ಕೆ 6 ಇಂಚು ಕವಚ, ಪೆಸಿಫಿಕ್ ದಾಟುವಷ್ಟು ಎಣ್ಣೆ, ಜೊತೆಗೆ ವಿಮಾನಗಳನ್ನು ಹೊಡೆಯಲು 5 ಇಂಚಿನ ಹನ್ನೆರಡು ತೋಪು. ಬಾಲ್ಟಿಮೋರ್ ಎಂದು ಹೆಸರಾದ ಆ ಹಡಗಿನ ಅಂದಾಜು ತೂಕ 13,600 ಟನ್.